ಹತ್ತೊಂಬತ್ತು ಸೀಸೆಗಳನ್ನು ಚೆಲ್ಲದಿರುವ ಬಗ್ಗೆ

ಜಿಲ್ಲೆಯ ದನಕರುಗಳ ಯೋಗಕ್ಷೇಮ ನೋಡಿಕೊಳ್ಳುವ ಮೇಲಧಿಕಾರಿಗಳೇ, ಮಾನ್ಯರೇ,

ನಮ್ಮ ಊರಿನ ಪಶು ಚಿಕಿತ್ಸಾಲಯದ ಬೀರುವಿನಲ್ಲಿದ್ದ ಹತ್ತೊಂಬತ್ತು ಸೀಸೆಗಳನ್ನು ಗುಂಡಿ ತೋಡಿ ಚೆಲ್ಲಬೇಕೆಂದು ತಾವು ಹೋದ ತಿಂಗಳು ಆದೇಶ ಕಳಿಸಿದ್ದೀರಿ. ನಾನು ಅದನ್ನು ಪಾಲಿಸಿಲ್ಲ. ಸೀಸೆಗಳಲ್ಲಿ ಇರುವುದು ಸತ್ತ ದನ, ಎಮ್ಮೆ, ಕುರಿಗಳ ಶ್ವಾಸಕೋಶದ ತುಂಡುಗಳು ಮತ್ತು ಅವುಗಳ ಹೊಟ್ಟೆಯಿಂದ ತೆಗೆದ ಕೆಂಪು ರಾಡಿ. ಇವು ಅದಿರಿನ ಧೂಳಿನಿಂದ, ಅದಿರಿನ ರಸ್ತೆಯಿಂದ ಸತ್ತವು ಎಂದು ಬರೆದ ಡಾಕ್ಟರನ್ನು ತಾವು ಕಂಪ್ಲಿಗೆ ಕಳಿಸಿದಿರಿ. ಅವರು ಬರೆದಿದ್ದನ್ನು ತೆಗೆಸಿ, ಅದೇ ಜಾಗದಲ್ಲಿ ‘ಅಜೀರ್ಣ; ಮಾಲೀಕರ ಅಜಾಗರೂಕತೆ’ ಎಂದು ಬೆರಳಚ್ಚು ಮಾಡಿಸಿದಿರಿ. ಇನ್ನು ಉಳಿದದ್ದು ಸೀಸೆಗಳು ಮಾತ್ರ. ಅವೂ ಮಣ್ಣಿಗೆ ಹೋದರೆ, ಒಂದೇ ರಸ್ತೆಯ ಪಕ್ಕದಲ್ಲಿದ್ದ ಮೂವತ್ತೊಂದು ಜೀವಗಳಿಗೆ ಒಂದೂವರೆ ವರ್ಷದಲ್ಲಿ ಒಮ್ಮೆಲೇ ಅಜೀರ್ಣವಾಯಿತು ಎಂಬುದೇ ಸತ್ಯವಾಗಿ ಉಳಿಯುತ್ತದೆ.

ನಾನು ಆ ಚಿಕಿತ್ಸಾಲಯದ ದಿನಗೂಲಿ ಸಹಾಯಕ. ಬಾಗಿಲು ತೆಗೆಯುವುದು, ದನ ಹಿಡಿಯುವುದು, ಸೂಜಿ ಕುದಿಸುವುದು, ಸತ್ತದ್ದನ್ನು ಕೊಯ್ಯುವುದು ನನ್ನ ಕೆಲಸ. ನಾಲ್ಕನೆಯ ತರಗತಿಯವರೆಗೆ ಊರಲ್ಲಿ ಓದಿದೆ; ಆಮೇಲೆ ಸಂಡೂರಿಗೆ ಹೋಗಿ ಬಂದು ಮಾಡಿದೆ; ನಡುವೆ ಎರಡು ಸಲ ಬಿಟ್ಟೆ; ಏಳನೆಯದರ ಪರೀಕ್ಷೆಗೆ ಹೋಗಲೇ ಇಲ್ಲ. ಬರೆಯಲು ಕಲಿತಿದ್ದು ಚಿಕಿತ್ಸಾಲಯದ ರಿಜಿಸ್ಟರುಗಳನ್ನು ನಕಲು ಮಾಡಿ. ಆದ್ದರಿಂದ ಈ ಪತ್ರದಲ್ಲಿ ತಪ್ಪುಗಳಿರಬಹುದು, ತಿದ್ದಿ ಓದಿಕೊಳ್ಳಿ. ತಿದ್ದುವುದು ತಮ್ಮ ಕಚೇರಿಗೆ ರೂಢಿಯಿದೆ. ನನಗೆ ಮೊದಲಿನಿಂದಲೂ ಹೆದರಿಕೆ ಜಾಸ್ತಿ. ಬಾಗಿಲಿಗೆ ಬೀಗ ಹಾಕಿ ಎರಡು ಸಲ ಎಳೆದು ನೋಡುವವನು ನಾನು. ಈ ಪತ್ರ ಪತ್ರಿಕೆಯಲ್ಲಿ ಬಂದರೆ ಏನಾಗುತ್ತದೆ ಎಂದು ಯೋಚಿಸಿ ಯೋಚಿಸಿ, ಕೊನೆಗೆ ಯೋಚನೆಯೇ ಜೋಮು ಹಿಡಿದ ಮೇಲೆ ಬರೆಯುತ್ತಿದ್ದೇನೆ. ಸಿಟ್ಟಿನಿಂದ ಬರೆಯುತ್ತಿದ್ದೇನೆ ಎಂದು ತಿಳಿಯಬೇಡಿ. ಸಿಟ್ಟು ಯಾವಾಗಲೋ ಮುಗಿದಿದೆ.

ತಾವು ಡಾಕ್ಟರಿಗೆ ಕೊಟ್ಟ ಜ್ಞಾಪನದಲ್ಲಿ ಒಂದು ಸಾಲು ಇತ್ತು: ‘ಪಶುವೈದ್ಯರ ಕರ್ತವ್ಯ ಪಶುಗಳಿಗೆ ಚಿಕಿತ್ಸೆ ನೀಡುವುದು, ಗಾಳಿ, ನೀರು, ಗುಡ್ಡ, ವಾಹನ ಸಂಚಾರ ಮುಂತಾದ ವಿಷಯಗಳು ಪಶುವೈದ್ಯರ ವ್ಯಾಪ್ತಿಗೆ ಒಳಪಡುವುದಿಲ್ಲ.’ ಈ ಸಾಲನ್ನು ನಾನು ಬಹಳ ಸಲ ಓದಿದ್ದೇನೆ. ಹಸು ಗಾಳಿ ಉಸಿರಾಡುತ್ತದೆ, ನೀರು ಕುಡಿಯುತ್ತದೆ, ಗುಡ್ಡದಲ್ಲಿ ಮೇಯುತ್ತದೆ, ವಾಹನ ಹೋಗುವ ರಸ್ತೆ ದಾಟಿ ಮನೆಗೆ ಬರುತ್ತದೆ. ಇದೆಲ್ಲ ತೆಗೆದುಬಿಟ್ಟರೆ ವ್ಯಾಪ್ತಿಯೊಳಗೆ ಹಸುವಿನದು ಏನು ಉಳಿಯಿತು? ಕೊಂಬು ಉಳಿಯಿತು, ಬಾಲ ಉಳಿಯಿತು. ಆ ಎರಡಕ್ಕೆ ಡಾಕ್ಟರು ಯಾಕೆ ಬೇಕು?

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಅಜಾಗರೂಕತೆ ಎಂದು ತಾವು ಬರೆಸಿದ್ದು ಪೂರ್ತಿ ಸುಳ್ಳಲ್ಲ. ನಮ್ಮ ಊರಿಗೆ ಒಂದು ಕಣವಿತ್ತು. ಸುಗ್ಗಿಯಲ್ಲಿ ಎಲ್ಲರೂ ಸರದಿಯ ಮೇಲೆ ಅಲ್ಲಿ ಒಕ್ಕುತ್ತಿದ್ದೆವು. ಅದಿರಿಗೆ ಬೆಲೆ ಬಂದ ವರ್ಷ ಆ ಜಾಗ ಅದಿರು ರಾಶಿ ಹಾಕುವ ಯಾರ್ಡಾಯಿತು. ಎತ್ತು ಇದ್ದವರು ಎತ್ತು ಮಾರಿ ಲಾರಿಗೆ ಪಾಲು ಹಾಕಿದರು. ಒಕ್ಕಲು ಕಣವೂ ಇಲ್ಲ, ಎತ್ತೂ ಇಲ್ಲ. ಇನ್ನು ಮನೆಯ ಮುಂದೆ ಹೊಸಪೇಟೆ ರಸ್ತೆಯಿದೆ, ಅದರ ಮೇಲೆ ಹಗಲೂ ರಾತ್ರಿ ಲಾರಿಗಳ ಸಾಲಿದೆ. ಹುರುಳಿ ಕಿತ್ತು ತಂದು ಡಾಂಬರಿನ ಮೇಲೆ ಹರವಿದೆವು. ಮುಂಚೆ ದಿನಕ್ಕೆ ನಾಲ್ಕು ಬಸ್ಸು ಹೋಗುವ ಕಾಲದಲ್ಲೂ ಕಣದ ಸರದಿ ಸಿಗದವರು ಹೀಗೆ ಮಾಡುತ್ತಿದ್ದದ್ದುಂಟು. ಆಗ ಎರಡು ದಿನ ಹಿಡಿಯುತ್ತಿದ್ದ ಕೆಲಸ ಈಗ ಒಂದು ಹೊತ್ತಿಗೆ ಮುಗಿಯಿತು. ಊರೆಲ್ಲ ಖುಷಿ. ಸಾಲಿನಲ್ಲಿ ಸಿಕ್ಕಿಕೊಂಡು ನಿಂತಿದ್ದ ಒಬ್ಬ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನ್ ಯಜಮಾನ್ರ, ಒಕ್ಕಿದ್ದಕ್ಕ ನಮಗ ಒಂದ್ ಸೇರು ಹುರುಳಿನಾದ್ರೂ ಇಲ್ಲೇನ್ರಿ?" ಎಂದು ಕೇಳಿದ. ನಾವೂ ನಕ್ಕೆವು. ಕಾಳು ತೂರಿ ಮನೆಗೆ ಒಯ್ದೆವು, ಹೊಟ್ಟನ್ನು ದನಕ್ಕೆ ಇಟ್ಟೆವು. ಆ ಹೊಟ್ಟಿನಲ್ಲಿ ಲಾರಿಯಿಂದ ಸುರಿದ ಅದಿರು, ಹರಿದ ಟೈರಿನ ತಂತಿ, ಸಡಿಲಾಗಿ ಬಿದ್ದ ನಟ್ಟು ಎಲ್ಲ ಇದ್ದವು. ಕಾಳನ್ನು ಕೇರಿ ತಿನ್ನುವ ನಾವು ಹೊಟ್ಟನ್ನು ಕೇರುವುದಿಲ್ಲ.

ನಮ್ಮ ಮನೆಯಲ್ಲಿ ಬೆಳ್ಳಿ ಎಂಬ ಹಸುವಿತ್ತು. ಬಿಳಿ ಹಸು. ರಸ್ತೆ ಪಕ್ಕ ಕಟ್ಟಿ ಕಟ್ಟಿ ಬಣ್ಣ ಬದಲಾಗಿ, ಕೇರಿಯವರು ತಾಮ್ರ ಎಂದು ಕರೆಯುತ್ತಿದ್ದರು. ಹುರುಳಿ ಒಕ್ಕಿ ಎರಡು ತಿಂಗಳಿಗೆ ಅದು ಮೇವು ಬಿಟ್ಟಿತು. ಮುಂಗಾಲು ಅಗಲಿಸಿ ನಿಲ್ಲುತ್ತಿತ್ತು. ಕತ್ತಿನಡಿ ಜೋಲುವ ಗಂಗೆದೊಗಲಿನಲ್ಲಿ ನೀರು ತುಂಬಿತು. ಶ್ರೀಪ್ರಿಯಾ ಡಾಕ್ಟರು ಅದನ್ನು ಚಿಕಿತ್ಸಾಲಯದ ಹಿಂದಿನ ದಿಬ್ಬಕ್ಕೆ ಹೊಡೆಸಿದರು. ಏರು ಹತ್ತಿತು, ಇಳಿಯುವಾಗ ನರಳಿತು. ಅಷ್ಟು ನೋಡಿ ಅವರು ನನ್ನ ಕಡೆ ತಿರುಗಿ, "ಪಕ್ಕೀರಪ್ಪ, ಹೊಟ್ಟಿಯಾಗ ಕಬ್ಬಿಣ ಐತಿ, ಎದಿಗೆ ಚುಚ್ಚೈತಿ. ತಡ ಆಗೈತಿ," ಎಂದರು. ಐದನೆಯ ದಿನ ಸತ್ತಿತು. ನಾನೇ ಕೊಯ್ದೆ. ಬೇರೆಯವರ ದನ ಕೊಯ್ಯುವ ಹಾಗೆಯೇ ಕೊಯ್ದೆ. ಜೇನುಗೂಡಿನ ಹಾಗಿರುವ ಎರಡನೆಯ ಹೊಟ್ಟೆಯಿಂದ ಒಂದು ಟೈರಿನ ತಂತಿ ಹೊರಟು, ಪೊರೆ ತೂತು ಮಾಡಿ, ಹೃದಯದ ಚೀಲದೊಳಗೆ ಇತ್ತು. ಹೊಟ್ಟೆಯ ತಳದಲ್ಲಿ ಮೂರು ಬೊಗಸೆ ಕೆಂಪು ರಾಡಿ. ಶ್ವಾಸಕೋಶ ಒತ್ತಿದರೆ ಬೆರಳು ಕೆಂಪಾಯಿತು; ಅದು ರಕ್ತವಾಗಿರಲಿಲ್ಲ. ಡಾಕ್ಟರು ಕೆಟ್ಟ ಸ್ಪೀಕರಿನ ಒಂದು ಅಯಸ್ಕಾಂತ ತಂದು ರಾಡಿಯಲ್ಲಿ ಆಡಿಸಿದರು. ತಂತಿಯ ಚೂರುಗಳು ಅಂಟಿಕೊಂಡು ಬಂದವು.

ಶ್ರೀಪ್ರಿಯಾ ಡಾಕ್ಟರು ಹೊಸಪೇಟೆಯ ವೈಷ್ಣವರ ಮನೆಯ ಮಗಳು. ಬಂದ ಹೊಸದರಲ್ಲಿ ಊರವರು, ಮಡಿ ಮನೆಯ ಹೆಣ್ಣು ಸತ್ತ ದನ ಮುಟ್ಟುತ್ತದೆಯೇ ಎಂದು ನಗಾಡಿದ್ದರು. ಸತ್ತದ್ದು ಮುಟ್ಟುವುದು ನಮ್ಮ ಕೇರಿಗೆ ಬಿಟ್ಟ ಕೆಲಸ ಎಂಬುದು ಊರಿನ ಲೆಕ್ಕ. ಅವರು ಮೊಣಕೈವರೆಗೆ ಒಳಗೆ ಇಳಿದ ಮೇಲೆ ನಗು ನಿಂತಿತು. ಬೆಳ್ಳಿ ಸತ್ತ ದಿನದಿಂದ ಅವರು ಯಾವ ಜೀವ ಸತ್ತರೂ ಬಿಡಲಿಲ್ಲ. ರಸ್ತೆಯಿಂದ ಎಷ್ಟು ದೂರ ಕಟ್ಟಿದ್ದರು, ಯಾವ ಹಳ್ಳದ ನೀರು ಕುಡಿಯುತ್ತಿತ್ತು, ಆ ಹೊತ್ತಿನಲ್ಲಿ ಎಷ್ಟು ಲಾರಿ ಹೋಗುತ್ತವೆ ಎಂದು ಕೇಳಿ ಬರೆದರು. ತುಂಡು ತೆಗೆದು ಕೊಳೆಯದ ಹಾಗೆ ಫಾರ್ಮಲಿನ್‌ನಲ್ಲಿ ಇಟ್ಟರು. ಸೀಸೆಗಳಿಗಾಗಿ ಊರೆಲ್ಲ ಕೇಳಿ ಹಾರ್ಲಿಕ್ಸ್ ಬಾಟಲಿ, ಉಪ್ಪಿನಕಾಯಿ ಭರಣಿ ತಂದವನು ನಾನು. ಹತ್ತೊಂಬತ್ತು ಸಿಕ್ಕವು. ಆದ್ದರಿಂದ ಹತ್ತೊಂಬತ್ತು.

ಸಾವು ಮಾತ್ರ ಬರೆದಿದ್ದರೆ ತಾವು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವೇನೋ. ಅವರು ಬದುಕಿರುವವನ್ನೂ ನೋಡಿದರು. ಕುರಿ ಕಾಯುವ ಉಚ್ಚೆಂಗಪ್ಪ ಒಂದು ದಿನ ಸಂತೆಯಿಂದ ನೇರ ಚಿಕಿತ್ಸಾಲಯಕ್ಕೆ ಬಂದ. ಎರಡು ವರ್ಷದ ಕುರಿ ಹಿಡಿದುಕೊಂಡು ಹೋಗಿದ್ದಾನೆ. ವ್ಯಾಪಾರಿ ಬಾಯಿ ಬಿಡಿಸಿ ಹಲ್ಲು ನೋಡಿ, "ಲೇ ಮುದುಕಾ, ನಿನ್ನ ವಾರಗಿ ಕುರಿ ತಂದು ಮರಿ ಅಂತೀಯಲ್ಲೋ," ಎಂದು ಹತ್ತು ಜನರ ಎದುರು ಅಂದಿದ್ದಾನೆ. ಐವತ್ತು ವರ್ಷ ಕುರಿಯ ವಯಸ್ಸಿನಲ್ಲಿ ಸುಳ್ಳು ಹೇಳದ ಮನುಷ್ಯ ಅವನು. ಡಾಕ್ಟರು ಆ ಕುರಿಯ ಬಾಯಿ ನೋಡಿದರು, ಮಂದೆಯ ಎಲ್ಲ ಕುರಿಗಳ ಬಾಯಿ ನೋಡಿದರು. ಹಲ್ಲುಗಳೆಲ್ಲ ಬುಡದವರೆಗೆ ಸವೆದಿದ್ದವು. ಹುಲ್ಲಿನ ಮೇಲೆ ಕೂತ ಅದಿರಿನ ಪುಡಿಯನ್ನು ದಿನವೂ ಅಗಿದರೆ ಅರದಿಂದ ಉಜ್ಜಿದ ಹಾಗೆ ಸವೆಯುತ್ತದೆ ಎಂದರು. ಹಲ್ಲು ಹೋದ ಕುರಿ ಹೊಟ್ಟೆ ತುಂಬ ಮೇಯುವುದಿಲ್ಲ, ಮೇಯದ ಕುರಿ ಮರಿ ಸಾಕುವುದಿಲ್ಲ. ಸ್ವಾಮಿ, ಹಲ್ಲು ವ್ಯಾಪ್ತಿಗೆ ಒಳಪಡುತ್ತದೆಯೇ? ಹಲ್ಲು ಒಳಪಟ್ಟರೆ, ಹಲ್ಲು ತಿಂದದ್ದು ಯಾಕೆ ಒಳಪಡುವುದಿಲ್ಲ?

ಇನ್ನೊಂದು ವಿಷಯ ತಮಗೆ ನೆನಪು ಮಾಡುತ್ತೇನೆ. ಎರಡು ವರ್ಷದ ಹಿಂದೆ, ಎರಡು ಸಾವಿರದ ಆರರಲ್ಲಿ, ತಮ್ಮ ಮೇಲಿನವರಿಂದಲೇ ಒಂದು ಸುತ್ತೋಲೆ ಬಂತು. ಡೈಕ್ಲೊಫೆನಾಕ್ ಎಂಬ ನೋವಿನ ಇಂಜೆಕ್ಷನ್ ಇನ್ನು ಮುಂದೆ ದನಗಳಿಗೆ ಕೊಡಬಾರದು, ಅದನ್ನು ಕೊಟ್ಟ ದನ ಸತ್ತು ಅದರ ಮಾಂಸ ತಿಂದರೆ ರಣಹದ್ದು ಸಾಯುತ್ತದೆ, ದೇಶದಲ್ಲಿ ರಣಹದ್ದುಗಳೇ ಇಲ್ಲವಾಗುತ್ತಿವೆ ಎಂದು. ನಾನೇ ಬೀರು ತೆಗೆದು ಆ ಇಂಜೆಕ್ಷನ್ನುಗಳನ್ನೆಲ್ಲ ಎಣಿಸಿ ಹೊರಗೆ ಹಾಕಿದೆ. ಒಳ್ಳೆಯ ಆದೇಶ. ಅಂದರೆ ಆಕಾಶದಲ್ಲಿ ಹಾರುವ ಹದ್ದು ಪಶುವೈದ್ಯರ ವ್ಯಾಪ್ತಿಗೆ ಬಂತು. ಕಣ್ಣಿಗೆ ಕಾಣದ ಹದ್ದಿನ ತನಕ ಹೋದ ವ್ಯಾಪ್ತಿ, ಚಿಕಿತ್ಸಾಲಯದ ಕಿಟಕಿಗೆ ಕಾಣುವ ಗುಡ್ಡದ ತನಕ ಬರಲು ಯಾಕೆ ಆಗಲಿಲ್ಲ? ದೂರದ್ದು ಮಾತ್ರ ಪರಿಸರವೇ?

ಹೋದ ವರ್ಷ ತಮ್ಮ ಕಚೇರಿಯಿಂದ ಒಬ್ಬ ತಜ್ಞರೂ ಬಂದಿದ್ದರು. ಪಂಚಾಯಿತಿ ಕಟ್ಟಡದಲ್ಲಿ ಸಭೆ. ದನ ಮೆಲುಕು ಹಾಕುವಾಗ ತೇಗುತ್ತದೆ, ತೇಗಿನಲ್ಲಿ ಒಂದು ಅನಿಲವಿದೆ, ಅದರಿಂದ ಭೂಮಿ ಬಿಸಿಯಾಗುತ್ತದೆ, ಆದ್ದರಿಂದ ದನ ಕಡಿಮೆ ಇಟ್ಟುಕೊಳ್ಳಿ ಎಂದು ಹೇಳಿದರು. ಕಿಟಕಿ ಮುಚ್ಚಿಸಿಯೇ ಹೇಳಿದರು, ಯಾಕೆಂದರೆ ಲಾರಿ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ದೋಣಿಮಲೈ ಗಣಿಯ ಕ್ವಾರ್ಟರ್ಸಿಗೆ ಹಾಲು ಹಾಕುವ ದುರ್ಗಕ್ಕ ಹಿಂದಿನಿಂದ ಎದ್ದು ನಿಂತು, "ಸಾಹೇಬ್ರ, ನಮ್ಮ ಎಮ್ಮಿ ತೇಗಿದ್ರ ಭೂಮಿ ಬಿಸಿ ಆಕ್ಕತಿ ಅಂತೀರಿ, ಖರೆ ಇರಬೇಕು. ಈ ಲಾರಿಗೋಳು ತೇಗಂಗಿಲ್ಲೇನ್ರಿ?" ಎಂದು ಕೇಳಿದಳು. ಸಭೆಯೆಲ್ಲ ನಕ್ಕಿತು. ತಜ್ಞರು, ಅದು ಸಾರಿಗೆ ಇಲಾಖೆಗೆ ಸಂಬಂಧಪಟ್ಟಿದ್ದು ಎಂದರು.

ಶ್ರೀಪ್ರಿಯಾ ಡಾಕ್ಟರು ನಗಲಿಲ್ಲ. ತಜ್ಞರು ಹೇಳಿದ್ದು ಸುಳ್ಳಲ್ಲ, ಅರ್ಧ ಹೇಳಿದ್ದಾರೆ ಅಷ್ಟೇ ಎಂದು ಆಮೇಲೆ ನನಗೆ ಬಿಡಿಸಿ ಹೇಳಿದರು. ಕಾಯಿಲೆಯ ಹಸು ಹಾಲು ಕೊಡದಿದ್ದರೂ ತಿನ್ನುತ್ತದೆ, ತೇಗುತ್ತದೆ. ಹಲ್ಲಿಲ್ಲದ ಕುರಿ, ಗರ್ಭ ನಿಲ್ಲದ ಎಮ್ಮೆ, ಎಲ್ಲವೂ ಹಾಗೆಯೇ. ರೋಗದ ನಾಲ್ಕು ದನ ಇಟ್ಟುಕೊಳ್ಳುವ ಕಡೆ ಎರಡು ಗಟ್ಟಿ ದನ ಸಾಕು. ಒಂದು ದನವನ್ನು ಗುಣ ಮಾಡುವುದೂ ಭೂಮಿಗೆ ಮಾಡುವ ಕೆಲಸವೇ. ಸಗಣಿಯ ಗ್ಯಾಸಿನಿಂದ ಒಲೆ ಉರಿಸಿದರೆ ಕಟ್ಟಿಗೆಗೆ ಗುಡ್ಡಕ್ಕೆ ಹೋಗಬೇಕಿಲ್ಲ. ರಸ್ತೆ ಬದಿಗೆ ಹೊಂಗೆ ಸಾಲು ನೆಟ್ಟರೆ ಧೂಳು ಸ್ವಲ್ಪವಾದರೂ ತಡೆಯುತ್ತದೆ. ಮೇವನ್ನು ತೊಳೆದು ಕೊಡಬೇಕು. ಇದೆಲ್ಲ ಮನೆ ಮನೆಗೆ ಹೋಗಿ ಹೇಳಿದರು. ಒಂಬತ್ತು ಮನೆಯವರು ಗೊಬ್ಬರ ಗ್ಯಾಸಿನ ಗುಂಡಿ ಮಾಡಿಸಿಕೊಂಡರು. ಮೇವು ತೊಳೆಯಲು ಹೋದವರು ಮಾತ್ರ ಹಿಂದೆ ಬಂದರು, ಯಾಕೆಂದರೆ ಹಳ್ಳದ ನೀರು ಮೇವಿಗಿಂತ ಕೆಂಪಾಗಿತ್ತು. ಡಾಕ್ಟರು ಅದನ್ನೂ ಬರೆದರು. ಅವರಿಗೆ ಯಾರೂ ಇದನ್ನು ಮಾಡೆಂದು ಹೇಳಿರಲಿಲ್ಲ, ನಿಜ. ಮನೆಗೆ ಬೆಂಕಿ ಬಿದ್ದಾಗ ನೀರು ತರುವುದು ಯಾರ ವ್ಯಾಪ್ತಿ ಎಂದು ಯಾವ ಸುತ್ತೋಲೆಯಲ್ಲಿದೆ?

ಆಮೇಲೆ ತಮ್ಮ ಕಚೇರಿಯ ಜೀಪು ಬಂತು. ಇಬ್ಬರು ಇಳಿದರು. ಮೂವತ್ತೊಂದು ಶವ ಪರೀಕ್ಷೆಯ ವರದಿಗಳನ್ನು ಹೊಸದಾಗಿ ಬೆರಳಚ್ಚು ಮಾಡಿಸಿಕೊಂಡೇ ತಂದಿದ್ದರು. ಡಾಕ್ಟರು ಸಹಿ ಹಾಕುವುದಿಲ್ಲ ಎಂದರು. ಪರವಾಗಿಲ್ಲ, ಮೇಲಿನವರ ಸಹಿ ಸಾಕು, ಕೊಯ್ಯುವಾಗ ಇದ್ದವನ ಸಾಕ್ಷಿ ಇದ್ದರೆ ಆಯಿತು ಎಂದು ನನ್ನ ಮುಂದೆ ಇಟ್ಟರು. ಕೆಲಸ ಖಾಯಂ ಆಗುವ ಪಟ್ಟಿ ತಯಾರಾಗುತ್ತಿದೆ ಎಂದೂ ಸುಮ್ಮನೆ ಮಾತಿಗೆ ಹೇಳಿದರು. ನಾನು ಡಾಕ್ಟರ ಮುಖ ನೋಡಿದೆ. ಅವರು ತಮ್ಮ ಕೈ ತೊಳೆಯುತ್ತಾ, "ಹಾಕ್ರಿ ಪಕ್ಕೀರಪ್ಪ. ನಿಮ್ಮ ಮನಿ ಐತಿ. ನಾ ಏನೂ ಅನ್ಕೊಳ್ಳಂಗಿಲ್ಲ," ಎಂದರು. ನಾನು ಹಾಕಿದೆ. ಮೊದಲ ಹಾಳೆಯೇ ಬೆಳ್ಳಿಯದು. ಸಾವಿಗೆ ಕಾರಣ: ಅಜೀರ್ಣ. ಮೂವತ್ತೊಂದು ಸಹಿಗಳೂ ಒಂದೇ ಥರ ಬಂದಿವೆ, ತಾವು ನೋಡಿರಬಹುದು. ಬೀಗವನ್ನು ಎರಡು ಸಲ ಎಳೆದು ನೋಡುವವನು ಅವತ್ತು ಒಂದು ಹಾಳೆಯನ್ನೂ ಯಾಕೆ ಎರಡನೆಯ ಸಲ ನೋಡಲಿಲ್ಲ ಎಂಬುದೇ ಆಮೇಲಿಂದ ನನ್ನ ಚಿಂತೆ.

ಮನೆಗೆ ಹೋಗಿ ಹೆಂಡತಿ ಹೊಳೆಮ್ಮನಿಗೆ ಹೇಳಿದೆ. ಅವಳು ಅಳಲಿಲ್ಲ, ಬಯ್ಯಲಿಲ್ಲ. ಯಾರ ಅಜಾಗರೂಕತೆ ಅಂತ ಬರೆದಿದ್ದಾರೆ ಎಂದು ಕೇಳಿದಳು. ಮಾಲೀಕರದು ಎಂದೆ. "ಹುರುಳಿ ರಸ್ತಿಗೆ ಹಾಕಿದ್ದು ನಾನ. ಒಪ್ಪಿದೆ. ಕಣ ಕಸ್ಗೊಂಡಿದ್ದು ನಾನಲ್ಲ. ಅದನ್ನ ಎಲ್ಲಿ ಬರ್ದಾರ ಕೇಳು," ಎಂದಳು. ಅದನ್ನೇ ಈಗ ತಮ್ಮನ್ನು ಕೇಳುತ್ತಿದ್ದೇನೆ. ಏಳನೆಯ ತರಗತಿ ದಾಟದ ನನಗೆ ಹೊಳೆಯದಿದ್ದ ಪ್ರಶ್ನೆ ಶಾಲೆಯ ಮುಖ ನೋಡದವಳಿಗೆ ಹೊಳೆಯಿತು. ಇಷ್ಟು ಓದಿದ ತಮಗೆ ಹೊಳೆಯಲಿಲ್ಲ ಎಂದು ನಾನು ನಂಬಬೇಕೆ?

ಅದಾಗಿ ಹದಿನೈದು ದಿನಕ್ಕೆ ಡಾಕ್ಟರನ್ನು ಕಂಪ್ಲಿಗೆ ಕಳಿಸಿದಿರಿ. ಅವರ ಜಾಗಕ್ಕೆ ಯಾರೂ ಬಂದಿಲ್ಲ. ಜನ ದನ ಹೊಡೆದುಕೊಂಡು ಬಂದು ನನ್ನ ಮುಖ ನೋಡಿ ಹೋಗುತ್ತಾರೆ. ಈ ನಡುವೆ ಸತ್ತವನ್ನು ಯಾರೂ ಕೊಯ್ದಿಲ್ಲ. ಹಾಗಾಗಿ ಸದ್ಯಕ್ಕೆ ನಮ್ಮಲ್ಲಿ ಯಾವ ದನವೂ ಯಾವ ಕಾರಣದಿಂದಲೂ ಸಾಯುತ್ತಿಲ್ಲ. ತಮ್ಮ ಅಂಕಿ-ಅಂಶ ಸುಧಾರಿಸಿರಬೇಕು. ಆಮೇಲೆ ಸೀಸೆ ಚೆಲ್ಲುವ ಆದೇಶ ಬಂತು. ಗುಂಡಿಯನ್ನೂ ತೋಡಿದೆ. ಅದರ ಅಂಚಿನಲ್ಲಿ ಬಹಳ ಹೊತ್ತು ಕೂತಿದ್ದೆ. ಆಮೇಲೆ ಗುಂಡಿಯನ್ನು ಹಾಗೆಯೇ ಮುಚ್ಚಿದೆ.

ಹೋದ ಸೋಮವಾರ ಎರಡು ಚೀಲದಲ್ಲಿ ಹುಲ್ಲು ಹಾಕಿ, ಹತ್ತೊಂಬತ್ತು ಸೀಸೆಗಳನ್ನು ನಡುನಡುವೆ ಇಟ್ಟು, ಬೆಳಗಿನ ಬಸ್ಸಿಗೆ ಹೊರಟೆ. ಒಂದು ಒಡೆದರೂ ಫಾರ್ಮಲಿನ್ನಿಗೆ ಬಸ್ಸಿನವರ ಕಣ್ಣೆಲ್ಲ ಉರಿಯುತ್ತದೆ. ಪ್ರತಿ ಕುಣಿಗೂ ಚೀಲಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿಯುತ್ತಿದ್ದೆ, ನಮ್ಮ ರಸ್ತೆಯಲ್ಲಿ ಕುಣಿ ಎಷ್ಟು ಎಂದು ತಮಗೆ ಗೊತ್ತಿಲ್ಲ, ತಮ್ಮ ವ್ಯಾಪ್ತಿಯಲ್ಲ. ಕಂಡಕ್ಟರ್ ಚೀಲ ನೋಡಿ, "ಏನ್ ಅಣ್ಣಾ, ಉಪ್ಪಿನಕಾಯಿ ವ್ಯಾಪಾರನಾ?" ಎಂದು ಕೇಳಿದ. ಹೌದು ಎಂದೆ. ಮಾವಿನದೋ ನಿಂಬೆಯದೋ ಎಂದ. ಕೆಂಪಂದು ಎಂದೆ. ಹೊಸಪೇಟೆಯಲ್ಲಿ ಬಸ್ಸು ಬದಲಿಸಿದೆ. ಬುಕ್ಕಸಾಗರ ದಾಟಿದ ಮೇಲೆ ಹಸಿರು ಗದ್ದೆ. ಅಲ್ಲಿನ ಎಮ್ಮೆಗಳು ಎಮ್ಮೆಯ ಬಣ್ಣದಲ್ಲೇ ಇದ್ದವು.

ಕಂಪ್ಲಿಯಲ್ಲಿ ಡಾಕ್ಟರು ಬಾತುಕೋಳಿ ಮೇಯಿಸುವವರ ಜೊತೆ ಗದ್ದೆಗೆ ಹೊಡೆದ ಔಷಧಿ ಯಾವುದು ಎಂದು ವಿಚಾರಿಸುತ್ತಿದ್ದರು. ಅಲ್ಲೂ ಸುಮ್ಮನಿಲ್ಲ, ಅಲ್ಲಿಂದ ಇನ್ನೆಲ್ಲಿಗೆ ಕಳಿಸುತ್ತೀರೋ ಯೋಚಿಸಿಡಿ. ಚೀಲ ಬಿಚ್ಚಿದ್ದನ್ನು ನೋಡಿ ಅವರು ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಬಾಗಿಲು ಮುಂದೆ ಮಾಡಿ, "ಕಾಗದ ಇಲ್ಲದ ತಂದ್ರ ಇದು ಕಳವು ಆಕ್ಕತಿ ಪಕ್ಕೀರಪ್ಪ. ಕುಂದ್ರಿ, ಬರೀರಿ," ಎಂದರು. ನನ್ನ ಕೈಯಲ್ಲೇ ಒಂದು ಒಪ್ಪಿಸುವ ಪತ್ರ ಬರೆಸಿದರು. ಪ್ರತಿ ಸೀಸೆಗೆ ಒಂದು ಸಂಖ್ಯೆ, ಯಾವ ಪ್ರಾಣಿ, ಯಾರ ಮನೆಯದು, ಯಾವ ಅಂಗ, ಯಾವ ದಿನ ಎಂದು ಅಲ್ಲಿನ ಆವಕ ರಿಜಿಸ್ಟರಿಗೆ ಏರಿಸಿದರು. ಅರಗು ಹಾಕಿ ಮುದ್ರೆ ಒತ್ತಿದರು. ಪ್ರಯೋಗಾಲಯಕ್ಕೆ ಕಳಿಸುವ ಅರ್ಜಿಯನ್ನೂ ಅವತ್ತೇ ತಯಾರು ಮಾಡಿದರು. ಅದು ತಮ್ಮ ಒಪ್ಪಿಗೆಯಿಲ್ಲದೆ ಹೋಗುವಂತಿಲ್ಲವಂತೆ. ಹಾಗಾಗಿ ತಮ್ಮ ಮೇಜಿಗೆ ಬಂದಿದೆ.

ನನ್ನ ಬೇಡಿಕೆ ಇಷ್ಟೇ. ಆ ಅರ್ಜಿಗೆ ಒಪ್ಪಿಗೆ ಕೊಡಿ. ಒಳಗೆ ಏನಿದೆಯೋ ಪ್ರಯೋಗಾಲಯ ಹೇಳಲಿ. ಅಜೀರ್ಣ ಎಂದೇ ಹೇಳಿದರೆ ನಾನು ತಮ್ಮ ಕಚೇರಿಗೆ ಬಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಧೂಳು ಎಂದರೆ, ಮೂವತ್ತೊಂದು ವರದಿಗಳಲ್ಲೂ ಡಾಕ್ಟರು ಮೊದಲು ಬರೆದದ್ದನ್ನು ಮರಳಿ ಬರೆಸಿ, ನಮ್ಮ ಊರಿಗೆ ಡಾಕ್ಟರನ್ನು ಕೊಡಿ, ಅವರು ದನ ನೋಡುವಾಗ ದನದ ಸುತ್ತಲಿನದನ್ನೂ ನೋಡಲು ಬಿಡಿ. ಆ ವರದಿಗಳ ಮೇಲೆ ನಾನು ಹಾಕಿದ ಮೂವತ್ತೊಂದು ಸಾಕ್ಷಿ ಸಹಿಗಳು ಸುಳ್ಳು. ಅವನ್ನು ಎಲ್ಲರೂ ಓದುವ ಹಾಗೆ ಇಲ್ಲಿ ಹಿಂದೆ ತೆಗೆದುಕೊಳ್ಳುತ್ತಿದ್ದೇನೆ. ಇದಕ್ಕೆ ಶಿಕ್ಷೆ ಏನೆಂದು ನನಗೆ ಗೊತ್ತಿಲ್ಲ. ಯಾರನ್ನು ಕೇಳಬೇಕೆಂದೂ ಗೊತ್ತಾಗಲಿಲ್ಲ.

ಸೀಸೆಗಳು ಈಗ ನನ್ನ ಬೀರುವಿನಲ್ಲಿಲ್ಲ, ಸರ್ಕಾರದ ರಿಜಿಸ್ಟರಿನಲ್ಲಿವೆ. ಇನ್ನು ಅವನ್ನು ಕಳಿಸಬೇಕಾದರೂ ತಮ್ಮ ಸಹಿ ಬೇಕು, ಚೆಲ್ಲಬೇಕಾದರೂ ತಮ್ಮ ಸಹಿಯೇ ಬೇಕು. ಈ ಸಲ ದಿನಗೂಲಿಯವನ ಸಹಿ ನಡೆಯುವುದಿಲ್ಲ.

ಇಂತಿ,
ತಮ್ಮ ಉತ್ತರ ಬರುವ ಹೊತ್ತಿಗೆ ಕೆಲಸದಲ್ಲಿರುತ್ತೇನೋ ಇಲ್ಲವೋ ತಿಳಿಯದ
ಪಕ್ಕೀರಪ್ಪ,
ದಿನಗೂಲಿ ಸಹಾಯಕ, ಡಾಕ್ಟರಿಲ್ಲದ ಪಶು ಚಿಕಿತ್ಸಾಲಯ,
ಸಂಡೂರು ತಾಲ್ಲೂಕು. ಮಾರ್ಚ್ ೨೦೦೮